ಗುರಾಣಿ ನೇತುಹಾಕಿದ ಬಾಗಿಲು

ಏನ್ರೋ ನಗ್ತೀರಾ? ಮುದುಕನಿಗೆ ಅರಳುಮರಳು ಅಂತ ಪಿಸುಗುಡ್ತೀರಾ? ನಾವು ಜೆರೂಸಲೇಮ್ ಗೋಡೆ ಹತ್ತಿದಾಗ ನಿಮ್ಮಪ್ಪಂದಿರು ತೊಟ್ಟಿಲಲ್ಲಿದ್ರು. ಬಾಯ್ಮುಚ್ಕೊಂಡು ಕೇಳಿ.

ಗೌಸ್ಬರ್ಟ ಅಂತ ಒಬ್ಬ ಇದ್ದ, ಕಡಲಾಚೆ ನಮ್ಮ ಪ್ರೊವಾನ್ಸ್ ಸೀಮೆಯವನೇ. ಹುಟ್ಟಿದಾಗಿಂದ ಧಣಿಯ ದನದ ಕೊಟ್ಟಿಗೇಲೇ ಮಲಗಿದವನು. ಬಟ್ಟೆ ಮೇಲೆ ಶಿಲುಬೆ ಹೊಲಿಸ್ಕೊಂಡು ಧರ್ಮಯುದ್ಧಕ್ಕೆ ಬಂದೋರೆಲ್ಲ ಸ್ವರ್ಗ ಸ್ವರ್ಗ ಅಂತಿದ್ರೆ, ಇವನಿಗೆ ಬೇಕಾಗಿದ್ದು ತನ್ನದು ಅನ್ನೋ ಒಂದು ಬಾಗಿಲು. ನಮ್ಮ ದಂಡಿನ ಕಟ್ಟುಪಾಡು ಏನಪ್ಪಾ ಅಂದ್ರೆ, ಊರು ಬಿದ್ದ ದಿನ ಯಾರು ಮೊದಲು ಬಾಗಿಲಿಗೆ ಗುರಾಣಿ ನೇತುಹಾಕ್ತಾನೋ ಮನೆ ಅವನದು. ದೊರೆ ಬಂದ್ರೂ ಮುಟ್ಟೋ ಹಾಗಿಲ್ಲ.

ಏಣಿ ಹತ್ತುವಾಗ ಮೇಲಿಂದ ಕುದಿಯೋ ಎಣ್ಣೆ ಸುರಿದ್ರು. ಮುಂದಿದ್ದವನ ಮುಖದ ಚರ್ಮ ಕಳಚಿ ಇವನ ಭುಜದ ಮೇಲೆ ಬಿತ್ತು. ಒರೆಸ್ಕೊಂಡು ಹತ್ತಿದ. ಗೋಡೆ ಮೇಲೆ ಒಬ್ಬನ ಹೊಟ್ಟೆ ಸೀಳಿದ, ಇನ್ನೊಬ್ಬನ್ನ ಕೆಳಗೆ ತಳ್ಳಿದ. ಬೀದೀಲಿ ಹೆಣ ತುಳೀದೆ ಕಾಲಿಡೋಕೆ ಜಾಗ ಇರ್ಲಿಲ್ಲ. ಕೈ ಮುಗಿದೋರನ್ನೂ ಬಿಡ್ಲಿಲ್ಲ ನಮ್ಮೋರು.

ಅಂಜೂರದ ಮರದ ಪಕ್ಕ ಒಂದು ಪುಟ್ಟ ಮನೆ. ಗೌಸ್ಬರ್ಟ ಓಡಿಹೋಗಿ ಗುರಾಣಿ ನೇತುಹಾಕಿದ. ತೊಡೆಗೆ ಬಾಣ ನೆಟ್ಟು ನಾನು ಎದುರು ಜಗುಲೀಲೇ ಬಿದ್ದಿದ್ದೆ, ಬಾಗಿಲು ತೆರೆದೇ ಇತ್ತು, ಒಳಗಿನದೆಲ್ಲ ಕಾಣಿಸ್ತಿತ್ತು. ಹಿಂದೇನೇ ಬಂದ ಅವನ ಅಕ್ಕನ ಗಂಡ ಪೋನ್ಸ.

“ಲೋ, ಗುರಾಣಿ ಬಿಟ್ಟು ಒಳಗೆ ಹೋಗ್ತೀಯಾ? ತಲೆ ನೆಟ್ಟಗಿದೆಯೇನೋ?”

“ತೆಗೆದ್ರೆ ನೀನು ನಿನ್ನದನ್ನ ನೇತುಹಾಕ್ತೀಯ ಭಾವ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?”

“ಹೋಗ್ ಸಾಯಿ!”

ಒಳಗೆ ಮನೆಯವನು ಕೊಡಲಿ ಹಿಡಿದು ನಿಂತಿದ್ದ, ಬೆನ್ನ ಹಿಂದೆ ಹೆಂಡತಿ. ಬೀಸಿದ. ಗೌಸ್ಬರ್ಟನ ಎಡಗೈ ತಾನಾಗೇ ಅಡ್ಡ ಹೋಯ್ತು. ವರ್ಷಗಟ್ಟಲೆ ಗುರಾಣಿ ಹಿಡಿದ ಕೈ ಅಲ್ವಾ? ಮೊಣಕೈ ಹತ್ರ ಕಡಿದು ಬಿತ್ತು. ಬಲಗೈಲಿದ್ದ ಕತ್ತೀಲಿ ಮನೆಯವನ ಗಂಟಲಿಗೆ ತಿವಿದ. ಪೋನ್ಸ ನುಗ್ಗಿ ಆ ಹೆಂಗಸನ್ನ ಮುಗಿಸಿದ.

“ಬಾರೋ, ಕೈ ಬಿಗಿದು ಕಟ್ಟಿ ಬಿಡಾರಕ್ಕೆ ಹೊತ್ಕೊಂಡು ಹೋಗ್ತೀನಿ.”

“ಬೇಡ ಭಾವ. ನಾನು ಆಚೆ ಹೋದ್ರೆ ಮನೆ ಕಿತ್ಕೋತಾರೆ. ಇಲ್ಲೇ ಕಟ್ಟು.”

ಪೋನ್ಸ ಸೊಂಟದ ಪಟ್ಟಿ ಬಿಚ್ಚಿದ. ಮನೇನ ಒಂದ್ಸಲ ಸುತ್ತ ನೋಡಿದ. ಕಲ್ಲಿನ ಗೋಡೆ, ನೀರಿರೋ ಬಾವಿ. ಪಟ್ಟೀನ ವಾಪಸ್ ತನ್ನ ಸೊಂಟಕ್ಕೇ ಕಟ್ಕೊಂಡ. ಆಚೆ ಬಂದು ಮೈದುನನ ಗುರಾಣಿ ಇಳಿಸಿ ತನ್ನದು ನೇತುಹಾಕಿದ. ಒಳಗಿಂದ “ಭಾವ, ಭಾವ” ಅಂತ ಇನ್ನೂ ಕೇಳಿಸ್ತಿತ್ತು.

ಗೌಸ್ಬರ್ಟ ಏಣಿ ಮೇಲೆ ಏಸುವಿನ ಹೆಸರು ಹೇಳ್ತಾ ಸತ್ತ ಅಂತ ಪೋನ್ಸ ಊರಲ್ಲಿದ್ದ ತನ್ನ ಹೆಂಡತಿಗೆ, ಅದೇ ಗೌಸ್ಬರ್ಟನ ಅಕ್ಕನಿಗೆ, ಹೇಳಿ ಕಳಿಸಿದ. ನಿಮ್ಮಲ್ಲಿ ಪ್ರೊವಾನ್ಸ್‌ಗೆ ಹಡಗು ಹತ್ತೋರು ಯಾರಾದ್ರೂ ಇದ್ರೆ, ಅವಳಿನ್ನೂ ಬದುಕಿದ್ರೆ, ಇದನ್ನ ಹೀಗೇ ಅವಳಿಗೆ ಮುಟ್ಟಿಸಿ. ಅವಳಿಲ್ಲದಿದ್ರೆ ಅವಳ ಮಕ್ಕಳಿಗಾದ್ರೂ ಹೇಳಿ.