ತಂಗಿಗೆ ಕೊಟ್ಟ ಬೆಳ್ಳಿ ನೀರು

ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಸುಟ್ಟರೂ, ಯಾರ ಮನೆಯ ಫ್ಯಾನು ಗೊರಗುಟ್ಟಿದರೂ ಬರುತ್ತಿದ್ದುದು ರಿಪೇರಿಯವನ ಅಂಗಡಿಗೇ. ಎರಡು ನಿಮಿಷ ಕಿವಿಗೊಟ್ಟು ಕೇಳಿದನೆಂದರೆ ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಅವನ ಕೈಗುಣ ದೊಡ್ಡದು ಎಂದು ಜನ ಹೊಗಳುತ್ತಿದ್ದರು. ಕೇಳಿ ಕೇಳಿ ಅವನೂ ಅದನ್ನು ನಂಬಿಬಿಟ್ಟಿದ್ದ.

ಅವನಿಗೆ ಒಬ್ಬಳೇ ತಂಗಿ. ತಾಯಿ ತೀರಿಕೊಂಡಾಗ ಅವಳಿಗೆ ಆರು ವರ್ಷ, ಅವನಿಗೆ ಹದಿನೇಳು. ಜಡೆ ಹೆಣೆಯುವುದನ್ನು ಪಕ್ಕದ ಮನೆಯವರಿಂದ ಕಲಿತು, ಶಾಲೆಗೆ ಕೈಹಿಡಿದು ಬಿಟ್ಟು ಬಂದು ಅವಳನ್ನು ಸಾಕಿದ. ಸದಾ ವಟವಟ ಎನ್ನುತ್ತಿದ್ದ ಸಣಕಲು ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವನೂ ಅವನೇ. ಮೂವತ್ತೈದು ದಾಟಿ, ಶಿಶುವಿಹಾರದಲ್ಲಿ ಟೀಚರಾಗಿ, ಎರಡು ಬೀದಿಯಾಚೆ ಬಾಡಿಗೆ ಕೋಣೆಯಲ್ಲಿ ತನ್ನ ಪಾಡಿಗೆ ತಾನಿದ್ದರೂ ಅವನ ಬಾಯಲ್ಲಿ ಅವಳು ಗುಬ್ಬಿಯೇ. ಮದುವೆಯ ಮಾತೆತ್ತಿದರೆ, "ನಂಗೆ ಈಗಾಗ್ಲೇ ಮೂವತ್ತು ಮಕ್ಕಳು, ಇನ್ನೂ ಬೇಕಾ?" ಎಂದು ನಗುತ್ತಿದ್ದಳು.

ಆ ಮೂವತ್ತು ಮಕ್ಕಳೆದುರು ದಿನವಿಡೀ ಕೂಗಿ ಅವಳ ಗಂಟಲು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಬಿಸಿನೀರು ಕುಡಿದಳು, ಮಾತ್ರೆ ನುಂಗಿದಳು. ಯಾವುದೂ ಅಷ್ಟಕ್ಕಷ್ಟೇ. ಹೀಗಿರುವಾಗ ಅಣ್ಣನ ಫೋನಿಗೆ ಒಂದು ಜಾಹೀರಾತು ಬಂತು: ಎರಡು ಬೆಳ್ಳಿ ತಂತಿ, ಒಂದು ಬ್ಯಾಟರಿ ಡಬ್ಬಿ, ಎರಡು ಕ್ಲಿಪ್ಪು. ಲೋಟದ ನೀರಿಗೆ ತಂತಿ ಇಳಿಬಿಟ್ಟು ಕರೆಂಟ್ ಹರಿಸಿದರೆ ಮನೆಯಲ್ಲೇ ಬೆಳ್ಳಿ ನೀರು ತಯಾರು, ಕುಡಿದವರ ಹತ್ತಿರ ಸೋಂಕು ಸುಳಿಯುವುದಿಲ್ಲ. ಬೆಲೆ ಒಂದು ಇಸ್ತ್ರಿಪೆಟ್ಟಿಗೆಯ ವೈರ್‌ಗಿಂತ ಕಡಿಮೆ. ನಾಲ್ಕನೇ ದಿನಕ್ಕೆ ಡಬ್ಬಿ ಕೈಸೇರಿತು. ಅದರ ಮೇಲೆ ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ.

"ಯಂತ್ರ ರಿಪೇರಿ ಬೇರೆ, ಗಂಟಲು ರಿಪೇರಿ ಬೇರೆ," ಎಂದಳು ಹೆಂಡತಿ. "ಡಾಕ್ಟರಿಗೆ ತೋರಿಸ್ರಿ."

"ಕರೆಂಟ್ ವಿಷಯ ನಂಗೆ ಬಿಡು," ಎಂದು ಅವಳ ಬಾಯಿ ಮುಚ್ಚಿಸಿದ.

ಆ ಬ್ಯಾಟರಿ ಅವನಿಗೆ ಹುಡುಗಾಟದ ಸಾಮಾನಿನಂತೆ ಕಂಡಿತು. ಕಿತ್ತುಹಾಕಿ ಅಂಗಡಿಯ ಅಡಾಪ್ಟರ್ ಜೋಡಿಸಿದ. ಕರೆಂಟ್ ಚೆನ್ನಾಗಿ ಹರಿಯಲಿ ಎಂದು ನೀರಿಗೆ ಚಿಟಿಕೆ ಉಪ್ಪನ್ನೂ ಹಾಕಿದ. ಭಾನುವಾರಕ್ಕೊಮ್ಮೆ ಬಾಟಲಿ ತುಂಬಿಸಿ ತಾನೇ ಒಯ್ದು ಕೊಡುತ್ತಿದ್ದ. ಅವಳು ಮೊದಲು ದಿನಕ್ಕೆ ಎರಡು ಚಮಚ ಕುಡಿದಳು, ಬರುಬರುತ್ತ ಅರ್ಧ ಲೋಟ. ಬೇಸಿಗೆ ರಜೆಯಲ್ಲಿ ಅವಳ ಗಂಟಲು ಪೂರ್ತಿ ತಿಳಿಯಾಯಿತು. ರಜೆಯಲ್ಲಿ ಅವಳು ಕೂಗಲೇ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಅವಳು ಕೈ ಚಾಚಿ, "ಅಣ್ಣಾ, ಉಗುರು ನೋಡು," ಎಂದಳು. ಉಗುರಿನ ಬುಡವೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಅವನು ಮಾರಾಟದವರ ಪುಟ ತೆರೆದು ಹುಡುಕಿದ. ದೇಹದ ಕಲ್ಮಶ ಹೊರಬೀಳುವ ಲಕ್ಷಣ, ನಿಲ್ಲಿಸಬೇಡಿ ಎಂದು ಅಲ್ಲಿ ಬರೆದಿತ್ತು. ಅದನ್ನೇ ಓದಿ ಹೇಳಿದ.

"ನೀನು ಹೇಳಿದ್ಮೇಲೆ ಸರಿ ಬಿಡು," ಎಂದಳು ತಂಗಿ.

ಮುಂದಿನ ಆರು ತಿಂಗಳಲ್ಲಿ ಆ ಬಣ್ಣ ಮುಖಕ್ಕೇರಿತು. ಮಕ್ಕಳ ಆಟೋಟಕ್ಕೆಂದು ದಿನವೂ ಬಿಸಿಲಲ್ಲಿ ನಿಲ್ಲುತ್ತಿದ್ದ ದಿನಗಳವು. ಒಬ್ಬ ಪೋರಿ ಅವಳ ಕೆನ್ನೆ ಮುಟ್ಟಿ ನೋಡಿ, "ಟೀಚರ್, ಪೆನ್ಸಿಲ್ ಪುಡಿ ಬಳ್ಕೊಂಡಿದೀರಾ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಕೋಣೆಗೆ ಬಂದು ಚರ್ಮ ಕಿತ್ತುಬರುವಂತೆ ಸೋಪು ಹಾಕಿ ತಿಕ್ಕಿದಳು.

ಚರ್ಮದ ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಯಾರು ಮಾಡಿದ್ದು ಇದನ್ನ?"

"ನಾನೇ," ಎಂದು ಅಣ್ಣ ಬೆಳ್ಳಿ ತಂತಿ, ಅಡಾಪ್ಟರ್, ಉಪ್ಪು ಎಲ್ಲ ವಿವರಿಸಿದ. ಅವನ ದನಿಯಲ್ಲಿ ಆಗಲೂ ಒಂದಿಷ್ಟು ಹೆಮ್ಮೆಯಿತ್ತು.

"ಬೆಳ್ಳಿ ಚರ್ಮದೊಳಗೆ ಕೂತ್ಬಿಟ್ಟಿದೆ. ಬಿಸಿಲು ಬಿದ್ದಷ್ಟೂ ಕಪ್ಪಾಗುತ್ತೆ. ಕುಡಿಯೋದು ನಿಲ್ಲಿಸಿದ್ರೂ ಈ ಬಣ್ಣ ಹೋಗಲ್ಲ. ಜೋರು ಕರೆಂಟು, ಉಪ್ಪು ಸೇರಿ ಬೆಳ್ಳಿ ಇನ್ನೂ ಹೆಚ್ಚು ನೀರಿಗಿಳಿದಿದೆ. ಆ ತಂತೀಲಿ ಬೆಳ್ಳಿ ಜೊತೆ ಇನ್ನೇನು ಬೆರೆಸಿದ್ರೋ ಯಾರಿಗೆ ಗೊತ್ತು. ರಕ್ತ ಪರೀಕ್ಷೆ ಮಾಡಿಸೋಣ."

"ತೊಳೆಯೋಕೆ ಏನಾದ್ರೂ ಔಷಧಿ..."

"ಇಲ್ಲಪ್ಪ," ಎಂದರು ಡಾಕ್ಟರು.

ರಕ್ತದಲ್ಲಿ ಬೇರೆ ವಿಷ ಸಿಗಲಿಲ್ಲ. ಅಷ್ಟೇ ಪುಣ್ಯ. ಗಂಟಲಿನ ಡಾಕ್ಟರು ಮಾತ್ರ ಕೊಳವೆ ಇಳಿಸಿ ನೋಡಿ, ಕೂಗಿ ಕೂಗಿ ಸಣ್ಣ ಗಂಟುಗಳಾಗಿವೆ, ಎರಡು ತಿಂಗಳು ಗಂಟಲಿಗೆ ವಿಶ್ರಾಂತಿ ಕೊಟ್ಟರೆ ಸಾಕು ಎಂದರು. ಅದನ್ನು ಕೇಳಿ ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಎಬ್ಬಿಸಿ ಮನೆಗೆ ಕರೆತಂದವಳು ತಂಗಿಯೇ.

ಶಾಲೆಯ ಹಿರಿಯ ಟೀಚರು ಒಳ್ಳೆಯ ಮಾತಲ್ಲೇ ಹೇಳಿದರು, ಮಕ್ಕಳ ತಂದೆತಾಯಿ ಏನೇನೋ ಕೇಳುತ್ತಿದ್ದಾರೆ ಎಂದು. ಗುಬ್ಬಿ ಕೆಲಸ ಬಿಟ್ಟಳು. ಪ್ರೆಸ್ಸಿನವರಿಗೆ ಪ್ರೂಫ್ ತಿದ್ದಿಕೊಡುತ್ತ ಕೋಣೆಯಲ್ಲೇ ಉಳಿದಳು. ಅಣ್ಣ ಮಾರಾಟದವರ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದ. ಗಂಟೆಯೊಳಗೆ ಅದನ್ನು ಅಳಿಸಿಹಾಕಿದರು. ವಾರ ಕಳೆಯುವುದರೊಳಗೆ ಅದೇ ಡಬ್ಬಿ ಬೇರೊಂದು ಹೆಸರಿನಲ್ಲಿ ಮಾರಾಟಕ್ಕೆ ಬಂತು.

ದಿನವೂ ಸಂಜೆ ಹಣ್ಣೋ ತರಕಾರಿಯೋ ಹಿಡಿದು ಅವನು ತಂಗಿಯ ಬಾಗಿಲಲ್ಲಿ ನಿಲ್ಲುತ್ತಿದ್ದ. ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಅವಳೇ ಹೇಳಿದಳು. "ನಿನ್ನ ಮೇಲೆ ಕೋಪ ಇಲ್ಲ ಅಣ್ಣ. ಆದ್ರೆ ನೀನು ಬಂದಾಗೆಲ್ಲ ನನ್ನ ಮುಖ ನಂಗೆ ನೆನಪಾಗುತ್ತೆ. ಸ್ವಲ್ಪ ದಿನ ಬರಬೇಡ."

ಅವನು ಹೋಗುವುದನ್ನು ಬಿಟ್ಟ. ಏಳು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಕೈಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಅಂಗಡಿಗೆ ಬಂದು, ಚೀಲದಿಂದ ಅಂಥದ್ದೇ ಡಬ್ಬಿ ತೆಗೆದಿಟ್ಟಳು. ತಂತಿ ಇಳಿಬಿಟ್ಟರೆ ನೀರಲ್ಲಿ ಗುಳ್ಳೆ ಏಳುತ್ತಿಲ್ಲ, ಸರಿಮಾಡಿಕೊಡಿ, ಮಗುವಿಗೆ ಕೆಮ್ಮು ಬಿಡುತ್ತಿಲ್ಲ ಎಂದಳು. ಇದನ್ನು ಕುಡಿದರೆ ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ ಎಂದು ಅವನು ತನಗೆ ತಿಳಿದಂತೆ ಹೇಳಿದ. ಅವಳು ನಂಬಲಿಲ್ಲ.

"ಎಷ್ಟೊಂದು ಜನ ಕುಡೀತಾರೆ. ಮೈ ಬಣ್ಣ ತಿರುಗೋದು ಅಂದ್ರೆ ಏನು, ಕಥೆ ಕಟ್ತೀರಾ? ಆಗಲ್ಲ ಅಂದ್ರೆ ಹೇಳಿ, ಬೇರೆ ಅಂಗಡಿಗೆ ಹೋಗ್ತೀನಿ."

ಮಗು ಕೆಮ್ಮಿತು. ಅವನು ಹೊರಗೆ ಬಂದು ತಂಗಿಗೆ ಫೋನ್ ಮಾಡಿದ. ಹೆಂಗಸು, ಮಗು, ಡಬ್ಬಿ, ಎಲ್ಲವನ್ನೂ ಹೇಳಿದ. "ಅವರನ್ನ ಕೂರಿಸು," ಎಂದಳು ತಂಗಿ.

ಕಾಲು ಗಂಟೆಯಲ್ಲಿ ಕೊಡೆ ಹಿಡಿದು ಬಂದಳು. ಸ್ಟೂಲಿನ ಮೇಲೆ ಕೂತು ಮುಖಕ್ಕೆ ಸುತ್ತಿದ್ದ ದುಪಟ್ಟಾ ಬಿಚ್ಚಿದಳು. ಏಳು ತಿಂಗಳ ನಂತರ ಅಣ್ಣ ಆ ಮುಖವನ್ನು ನೋಡಿದ. ಹಣೆ, ಕೆನ್ನೆ, ಕಣ್ಣಿನ ಬಿಳಿಭಾಗ ಕೂಡ ಸೀಸದ ಬಣ್ಣ. ಹೆಂಗಸು ಮಗುವನ್ನು ಎದೆಗೆ ಒತ್ತಿಕೊಂಡಳು.

"ಮೊದಲು ಉಗುರು, ಆಮೇಲೆ ಇದು," ಎಂದಳು ಗುಬ್ಬಿ. "ಒಂದೂವರೆ ವರ್ಷ ಕುಡಿದೆ."

"ಯಾರಮ್ಮಾ ನಿಮಗೆ ಕೊಟ್ಟಿದ್ದು?"

"ನನ್ನ ಮೇಲೆ ಪ್ರಾಣ ಇಟ್ಟವರು."

ಹೆಂಗಸು ಡಬ್ಬಿಯನ್ನು ಅಲ್ಲೇ ಬಿಟ್ಟು, ಮಕ್ಕಳ ಡಾಕ್ಟರ ಷಾಪು ಎಲ್ಲಿದೆ ಎಂದು ಕೇಳಿಕೊಂಡು ಹೋದಳು. ಗುಬ್ಬಿ ಮತ್ತೆ ದುಪಟ್ಟಾ ಸುತ್ತಿಕೊಂಡಳು.

"ಟೀ ತರಿಸ್ಲಾ?"

"ಬೇಡ. ಇನ್ಯಾರಾದ್ರೂ ಇದನ್ನ ತಂದ್ರೆ ಫೋನ್ ಮಾಡು, ಬರ್ತೀನಿ."

"ಬರೀ ಅದಕ್ಕಾ?"

"ಸದ್ಯಕ್ಕೆ ಅದಕ್ಕೇ ಅಣ್ಣ."

ಕೊಡೆ ಬಿಚ್ಚಿ ಅವಳು ಗೋಡೆಯ ನೆರಳಿನಲ್ಲಿ ನಡೆದುಹೋದಳು. ತಿರುವಿನಲ್ಲಿ ಮರೆಯಾಗುವವರೆಗೂ ಅವನು ಬಾಗಿಲಲ್ಲಿ ನಿಂತಿದ್ದ. ಅಂಥ ಡಬ್ಬಿಯನ್ನು ಮತ್ತೊಬ್ಬರು ತರಲಿ ಎಂದು ಅವನು ಬಯಸುವಂತಿರಲಿಲ್ಲ. ತರದೆ ಹೋದರೆ ಅವಳು ಬರುವಂತಿರಲಿಲ್ಲ.