ಅರವತ್ತು ಎಣಿಸುವ ಸಿದ್ಧಲಿಂಗೇಶ್

ಸಿದ್ಧಲಿಂಗೇಶ್ ಮಾತನಾಡುವಾಗ ಅವರ ಮುಖ ನೋಡಿ ಪ್ರಯೋಜನವಿಲ್ಲ, ಕೈಗಳನ್ನು ನೋಡಬೇಕು. ಬಲಗೈಯ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸಾಗಿ ಹನ್ನೆರಡು ಮುಗಿಸುತ್ತದೆ. ಹನ್ನೆರಡಕ್ಕೊಮ್ಮೆ ಎಡಗೈಯ ಒಂದು ಬೆರಳು, ಕಿರುಬೆರಳಿನಿಂದ ಮೊದಲಾಗಿ, ಮಡಚಿಕೊಳ್ಳುತ್ತದೆ. ಐದೂ ಮಡಚಿದರೆ ಅರವತ್ತು. ಗದಗಿನಲ್ಲಿ ಅವರ ಅಜ್ಜಿ ಜಪಕ್ಕೆ ಬಳಸುತ್ತಿದ್ದ ಈ ಎಣಿಕೆಯನ್ನು ಮೊಮ್ಮಗ ಅಮೆರಿಕದ ಸೆನೆಟ್ ಸದಸ್ಯರಿಗೆ ಹಚ್ಚಿದ್ದರು. ನೂರು ಮಂದಿಯ ಆ ಸಭೆಯಲ್ಲಿ ವಿವಾದದ ಮಸೂದೆಯೊಂದು ಮುಂದೆ ಸರಿಯಬೇಕಾದರೆ ಅರವತ್ತು ಮಂದಿ ಒಪ್ಪಬೇಕೆಂಬ ಸಂಗತಿ ಇಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ತಿಳಿಯದು. ಮತದಾನದ ಹಕ್ಕೇ ಇಲ್ಲದ ಈ ಮನುಷ್ಯನಿಗೆ ಮಾತ್ರ ಅದು ಬೆರಳ ತುದಿಯಲ್ಲಿತ್ತು. ಕ್ಯಾರೊಲೈನಾದ ರಾಲಿಯಲ್ಲಿ ಯಾರದೋ ಮನೆಯ ನಾಮಕರಣದಲ್ಲಿ, ಕೈಯಲ್ಲಿ ಊಟದ ತಟ್ಟೆ ಹಿಡಿದು ನಿಂತಿದ್ದ ನನಗೆ ಅವರು ಮೊದಲ ಬಾರಿ ಹೇಳಿದ ಮಾತು ಇದು: "ಐವತ್ತೊಂದು ಸಾಲೂದಿಲ್ರೀ ಸರ, ಅರವತ್ತ ಬೇಕು. ಆದ್ರ ಚಾನ್ಸ್ ಅಂತೂ ಐತ್ರಿ."

'ಚಾನ್ಸ್ ಅಂತೂ ಐತ್ರಿ' ಎಂಬುದು ಅವರ ಪಲ್ಲವಿ. ಮಳೆ ಬಂದೀತೇ ಎಂದರೂ ಅದೇ, ಶಾಮಿಯಾನದಡಿ ಹೋಳಿಗೆ ಉಳಿದಿದೆಯೇ ಎಂದರೂ ಅದೇ.

ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಉದ್ಯಮವಲಯದ ಔಷಧ ಕಂಪನಿಯೊಂದರಲ್ಲಿ ಯಂತ್ರಗಳ ಗುಣಪರೀಕ್ಷೆ ಮಾಡುವ ಎಂಜಿನಿಯರ್ ಅವರು. ನಡಿಗೆಯಲ್ಲಿಯೂ ಒಂದು ವಿಲಕ್ಷಣ ಶಿಸ್ತು: ಮುಂದೆ ಹೋಗುತ್ತಿರುವವರನ್ನು ಎಂದೂ ದಾಟುವುದಿಲ್ಲ. ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ಮಗುವಿನ ಗಾಡಿ ತಳ್ಳುವ ತಾಯಿಯೊಬ್ಬಳು ಮುಂದೆ ಸಿಕ್ಕರೆ ಎರಡು ಮಾರು ಹಿಂದೆಯೇ ಅವಳ ವೇಗಕ್ಕೆ ಇಳಿದುಬಿಡುತ್ತಾರೆ. ಖಾಯಂ ವಾಸದ ಗ್ರೀನ್ ಕಾರ್ಡಿನ ಸರದಿಯಲ್ಲಿ ಹತ್ತು ವರ್ಷ ನಿಂತವನ ಕಾಲಿಗೆ ಸರದಿಯೇ ಅಭ್ಯಾಸವಾಗಿರಬೇಕೆಂದು ನಾನು ಒಮ್ಮೆ ಛೇಡಿಸಿದಾಗ ಅವರು ನಗಲಿಲ್ಲ. ಹಾಗಿರಬಹುದು ಎಂಬಂತೆ ತಲೆಯಾಡಿಸಿದರು.

ಆ ಸರದಿಯಲ್ಲಿ ಅವರ ಹೆಸರು ಸೇರಿದ್ದು ೨೦೧೪ರ ಡಿಸೆಂಬರಿನ ನಡುವಿನಲ್ಲಿ. ಪ್ರತಿ ತಿಂಗಳೂ ಸರಕಾರ ಹೊರಡಿಸುವ ಪಟ್ಟಿಯಲ್ಲಿ ಯಾವ ತಾರೀಖಿನವರೆಗಿನ ಅರ್ಜಿಗಳ ಪಾಳಿ ಬಂತೆಂದು ನೋಡುವುದು ಅವರ ಮನೆಯ ವ್ರತ. ಅವಸರವಿದ್ದದ್ದು ತಮಗಾಗಿ ಅಲ್ಲ, ಮಗಳಿಗಾಗಿ. ಹರಿಣಿ ಏಳು ವರ್ಷದವಳಾಗಿದ್ದಾಗ ಗದಗಿನಿಂದ ಬಂದವಳು. ಇಪ್ಪತ್ತೊಂದು ತುಂಬುವುದರೊಳಗೆ ತಂದೆಯ ಪಾಳಿ ಬರದಿದ್ದರೆ ಕಾನೂನಿನ ಕಣ್ಣಿನಲ್ಲಿ ಅವಳು ಮಗುವಲ್ಲ, ತಂದೆಯ ಅರ್ಜಿಯ ನೆರಳು ಅವಳಿಗಿಲ್ಲ. ೨೦೨೪ರ ನವೆಂಬರ್ ಆ ಗಡುವು. ಗಡುವಿಗೆ ಮುನ್ನ ಕಾನೂನನ್ನೇ ಬದಲಿಸಿಬಿಡಬೇಕೆಂಬುದು ಸಿದ್ಧಲಿಂಗೇಶರ ಸರಳ ಯೋಜನೆ.

ಇದಕ್ಕಿಂತಲೂ ಸರಳವಾದ ದಾರಿಯೊಂದು ಅವರ ಬಾಗಿಲಿಗೇ ಬಂದಿತ್ತು. ೨೦೨೦ರ ಅಕ್ಟೋಬರಿನಲ್ಲಿ, ಅರ್ಜಿದಾರರ ಓದಿಗೆ ತಕ್ಕಂತೆ ವಿಂಗಡಿಸಿದ ಸರದಿಗಳಲ್ಲಿ ಯಾವಾಗಲೂ ಹಿಂದೆ ಉಳಿಯುತ್ತಿದ್ದ ಮೂರನೇ ವರ್ಗದ್ದು ಇದ್ದಕ್ಕಿದ್ದಂತೆ ಎರಡನೆಯದನ್ನು ದಾಟಿ ಮುಂದೆ ಹೋಯಿತು. ಮೈಸೂರಿನ ಜಬ್ಬಾರ್, ಅವರ ಸಹೋದ್ಯೋಗಿ ಮತ್ತು ಬಾಜೂ ಮನೆಯವರು, ತಮ್ಮ ಮಗ ವಕಾರನ ವಯಸ್ಸನ್ನು ನೆನೆದು ಆ ವಾರವೇ ಮೂರನೇ ವರ್ಗಕ್ಕೆ ಇಳಿದು ಅರ್ಜಿ ಹಾಕಿದರು. "ನೀವೂ ಡೌನ್‌ಗ್ರೇಡ್ ಮಾಡ್ಬಿಡಿ ಸಿದ್ದು ಭಾಯ್, ಡೇಟ್ ಓಪನ್ ಇದೆ, ಮುಂದಿನ ತಿಂಗಳು ಏನ್ ಗ್ಯಾರಂಟಿ?" ಎಂದು ನನ್ನೆದುರಿಗೇ ಅಂಗಲಾಚಿದರು. ಸಿದ್ಧಲಿಂಗೇಶ್ ಕೇಳಲಿಲ್ಲ. ಎರಡನೇ ವರ್ಗ ಸ್ನಾತಕೋತ್ತರ ಪದವೀಧರರದು, ಅವರ ಎಂ.ಟೆಕ್ ಪ್ರಮಾಣಪತ್ರ ದಿವಾನಖಾನೆಯಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. "ಎಂ.ಟೆಕ್ ಮಾಡಿ ಥರ್ಡಿಗೆ ಇಳಿಯೂದೇನ್ರಿ? ಬಿಲ್ ಬರಾಕತ್ತೈತಿ, ಚಾನ್ಸ್ ಐತ್ರಿ" ಎಂದರು. ಭಾರತೀಯರ ಸರದಿಯನ್ನು ಚುರುಕುಗೊಳಿಸುವ ಮಸೂದೆ ಬಂದದ್ದೂ ನಿಜ. ಆ ಡಿಸೆಂಬರಿನಲ್ಲಿ ಒಂದು ಪಕ್ಷದ ಹಿಡಿತದಲ್ಲಿದ್ದ ಸೆನೆಟ್ ಒಂದು ರೂಪವನ್ನು ಒಪ್ಪಿತು, ಇನ್ನೊಂದು ಪಕ್ಷದ ಹಿಡಿತದಲ್ಲಿದ್ದ ಕೆಳಮನೆ ಬೇರೊಂದು ರೂಪವನ್ನು ಮೊದಲೇ ಒಪ್ಪಿತ್ತು; ಎರಡೂ ಕೂಡುವ ಮುನ್ನ ಸಂಸತ್ತಿನ ಅವಧಿ ಮುಗಿದು ಮಸೂದೆ ತೀರಿಕೊಂಡಿತು. ಅಷ್ಟರಲ್ಲಿ ಮೂರನೇ ವರ್ಗದ ಬಾಗಿಲೂ ಮುಚ್ಚಿತ್ತು. ಎರಡು ವರ್ಷಗಳ ಬಳಿಕ ಎರಡನೇ ವರ್ಗದ ಪಟ್ಟಿ ಓಡೋಡಿ ಬಂದು ೨೦೧೪ರ ಡಿಸೆಂಬರ್ ಒಂದಕ್ಕೆ, ಎಂದರೆ ಅವರ ತಾರೀಖಿಗೆ ಎರಡೇ ವಾರ ಮೊದಲು, ನಿಂತು ಹಿಂದಕ್ಕೆ ಸರಿಯಿತು. ಜಬ್ಬಾರ್ ಆ ಅಕ್ಟೋಬರಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅವರ ಸ್ನೇಹದ ಗಾತ್ರ ನನಗೆ ತಿಳಿದದ್ದು ಆ ಮೌನದಿಂದ.

ಅಂದಿನಿಂದ ವಾಷಿಂಗ್ಟನ್ ಯಾತ್ರೆಗಳು ಶುರುವಾದವು. ಅದಕ್ಕೆಂದೇ ರಾಲಿಯ ಹಳೆಬಟ್ಟೆ ಅಂಗಡಿಯಲ್ಲಿ ಬೂದು ಬಣ್ಣದ ಉಣ್ಣೆಯ ಕೋಟೊಂದನ್ನು ಕೊಂಡಿದ್ದರು. ತೋಳು ಬೆರಳುಗಳವರೆಗೆ ಬರುತ್ತಿತ್ತು, ನಮ್ಮ ಕ್ಯಾರೊಲೈನಾ ಹವೆಗೆ ವರ್ಷದಲ್ಲಿ ಹತ್ತು ದಿನವೂ ಬೇಡದಂಥದು. ಹರಿಣಿಯ ತಾಯಿ ಶ್ರೀದೇವಿ ತೋಳು ಮಡಚಿ ಹೊಲಿಯುತ್ತೇನೆಂದರೂ ಕೊಡಲಿಲ್ಲ. ಎಣಿಸುವ ಕೈ ಒಳಗಿದ್ದರೆ ಯಾರಿಗೂ ಕಾಣುವುದಿಲ್ಲವಂತೆ. ಪ್ರತಿ ಯಾತ್ರೆಯಲ್ಲಿ ಎದೆಗೆ ಅಂಟಿಸುತ್ತಿದ್ದ ಹೆಸರಿನ ಚೀಟಿಯನ್ನು ಸಂಜೆ ಕಿತ್ತು ಕೋಟಿನ ಒಳಮಗ್ಗುಲಿಗೆ ಅಂಟಿಸಿಕೊಳ್ಳುತ್ತಿದ್ದರು.

೨೦೨೩ರ ವಸಂತದಲ್ಲಿ ಒಮ್ಮೆ ನಾನೂ ಜೊತೆಗೆ ಹೋದೆ. ಹೆದ್ದಾರಿಯ ಬಲಬದಿಯ ನಿಧಾನದ ಸಾಲು ಬಿಡದೆ, ಯಾರನ್ನೂ ದಾಟದೆ, ನಾಲ್ಕೂವರೆ ಗಂಟೆಯ ದಾರಿಯನ್ನು ಅವರು ಏಳು ಗಂಟೆ ಓಡಿಸಿದರು. ಈಗ ಸಂಸತ್ತಿನ ಎರಡು ಮನೆಗಳು ಅದಲುಬದಲಾಗಿದ್ದವು, ಅಂದು ಕೆಳಮನೆ ಹಿಡಿದಿದ್ದವರ ಕೈಗೆ ಸೆನೆಟ್, ಸೆನೆಟ್ ಹಿಡಿದಿದ್ದವರ ಕೈಗೆ ಕೆಳಮನೆ. ಬೆಳಿಗ್ಗೆ ಒಂದು ಪಕ್ಷದ ಕಚೇರಿ, ಮಧ್ಯಾಹ್ನ ಇನ್ನೊಂದರದು. ಎರಡರಲ್ಲಿಯೂ ಇಪ್ಪತ್ತೈದು ದಾಟದ ಸಹಾಯಕರು, ಎರಡರಲ್ಲಿಯೂ ಕಳಕಳಿಯಿಂದ ಬಾಗಿದ ತಲೆ, 'ನಾವು ಸಿದ್ಧ, ಆ ಕಡೆಯವರು ಬಿಡಬೇಕಲ್ಲ' ಎಂಬ ಒಂದೇ ಉತ್ತರ. ಹರಿಣಿಯ ಎರಡನೇ ತರಗತಿಯ ಫೋಟೋವನ್ನು ಸಿದ್ಧಲಿಂಗೇಶ್ ಎರಡೂ ಮೇಜಿನ ಮೇಲೆ ಅಷ್ಟೇ ಜೋಪಾನವಾಗಿ ಇಟ್ಟು, ಅಷ್ಟೇ ಜೋಪಾನವಾಗಿ ಎತ್ತಿಕೊಂಡರು. ಹೊರಗೆ ಬಂದಾಗ ನಾನು ಕೇಳಿದೆ, "ಏನನ್ನಿಸ್ತು?" "ಇಬ್ರೂ ಹೌದು ಅಂದ್ರಲ್ರಿ ಸರ" ಎಂದರು. ಹದಿನಾರು ವರ್ಷಗಳಿಂದ ಪೌರನಾಗಿರುವ ನಾನು ನನ್ನ ಸೆನೆಟರಿಗೆ ಒಂದು ಫೋನನ್ನೂ ಮಾಡಿದವನಲ್ಲ. ಆ ಮೆಟ್ಟಿಲುಗಳ ಮೇಲೆ ನನಗೆ ನಾಚಿಕೆಯಾಯಿತು.

೨೦೨೪ರ ಫೆಬ್ರವರಿಯಲ್ಲಿ ಎರಡು ಪಕ್ಷದವರೂ ಕೂಡಿ ಬರೆದ ಗಡಿಯ ಮಸೂದೆಯೊಂದರ ಒಳಪುಟಗಳಲ್ಲಿ, ಹರಿಣಿಯಂಥ ಮಕ್ಕಳಿಗೆ ಆಸರೆಯಾಗುವ ಕೆಲವು ಸಾಲುಗಳಿದ್ದವು. ಸೆನೆಟ್ಟಿನಲ್ಲಿ ಅದು ಮತಕ್ಕೆ ಬಂದ ದಿನ ಕಂಪನಿಯ ಕ್ಯಾಂಟೀನಿನಲ್ಲಿ ಫೋನಿನ ಪರದೆಯನ್ನು ನೋಡುತ್ತ ಅವರ ಬೆರಳುಗಳು ಓಡಿದವು, ನಲವತ್ತೊಂಬತ್ತಕ್ಕೆ ನಿಂತವು. ನಾಲ್ಕು ಬೆರಳು ಮಡಚಿ, ಎಡಗೈಯ ಹೆಬ್ಬೆರಳೊಂದೇ ನೆಟ್ಟಗೆ ಉಳಿದಿತ್ತು. ಎದುರಿನ ಮೇಜಿನ ಅಮೆರಿಕನ್ ಸಹೋದ್ಯೋಗಿ, ಏನೋ ಶುಭವಾರ್ತೆಯೆಂದು ಬಗೆದು, ತಾನೂ ಹೆಬ್ಬೆರಳು ಎತ್ತಿ ನಕ್ಕನಂತೆ. ಇದನ್ನು ನನಗೆ ಹೇಳಿದವರು ಜಬ್ಬಾರ್. ಹೇಳುತ್ತ ಅವರು ನಗಲಿಲ್ಲ.

ನವೆಂಬರಿನಲ್ಲಿ ಚುನಾವಣೆ ಮುಗಿದ ಮರುವಾರ ಹರಿಣಿಗೆ ಇಪ್ಪತ್ತೊಂದಾಯಿತು. ಮೊದಲೇ ವಿದ್ಯಾರ್ಥಿ ವೀಸಾಕ್ಕೆ ಬದಲಾಗಿದ್ದ ಅವಳು ಮರುವರ್ಷದ ಮೇ ತಿಂಗಳಲ್ಲಿ ಪದವಿ ಮುಗಿಸಿದಳು, ಯಾರನ್ನೂ ಕೇಳದೆ ಗಡಿಯಾಚೆ, ಚಳಿಯೂರು ಟೊರಾಂಟೋದಲ್ಲಿ ಮುಂದಿನ ಓದಿಗೆ ಸೀಟು ಹಿಡಿದಳು. ಇನ್ನು ಸರದಿಯಲ್ಲಿ ನಿಲ್ಲುವುದಿಲ್ಲ ಎಂಬುದು ಅವಳ ತೀರ್ಮಾನ.

ಆಗಸ್ಟಿನ ಉರಿಬಿಸಿಲಿನಲ್ಲಿ ವಿಮಾನ ನಿಲ್ದಾಣಕ್ಕೆ ಕಾರು ಓಡಿಸಿದವನು ವಕಾರ್. ಈಗ ಗ್ರೀನ್ ಕಾರ್ಡ್ ಇರುವ ಹುಡುಗ. ನಾನೂ ಜೊತೆಗಿದ್ದೆ. ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲವೆಂದು ಸಿದ್ಧಲಿಂಗೇಶ್ ಆ ಉಣ್ಣೆಯ ಕೋಟನ್ನು ತಾವೇ ತೊಟ್ಟು ಬಂದಿದ್ದರು, ಬೆವರು ಕತ್ತಿನಿಂದ ಇಳಿಯುತ್ತಿತ್ತು. ತಪಾಸಣೆಯ ಸಾಲಿನ ಬಾಯಲ್ಲಿ ಅದನ್ನು ಕಳಚಿ ಮಗಳ ಹೆಗಲಿಗೆ ಹೊದಿಸಿದರು. ಐದು ವರ್ಷ ನುಂಗಿದ್ದ ಮಾತು ಆಗ ಹೊರಗೆ ಬಂತು.

"ಟ್ವೆಂಟಿ ಟ್ವೆಂಟಿದಾಗ ನಾ ಒಂದ ಫಾರ್ಮ್ ತುಂಬಿದ್ರ ನೀ ಇಲ್ಲೇ ಇರ್ತಿದ್ದಿ, ಅವ್ವಾ. ನಾ ತುಂಬಲಿಲ್ಲ."

"ಐ ನೋ, ಅಪ್ಪಾ. ವಕಾರ್ ಹೇಳಿದ್ದ. ಹೈಸ್ಕೂಲ್‌ನಲ್ಲೇ."

"ಮತ್ತ ಯಾಕ ಕೇಳ್ಲಿಲ್ಲ?"

"ನೀವು ಇನ್ನೂ ಕೌಂಟ್ ಮಾಡ್ತಾ ಇದ್ರಿ" ಎಂದಳು ಹರಿಣಿ. ಕೋಟಿನ ಒಳಮಗ್ಗುಲಲ್ಲಿ ಏಳು ಚೀಟಿಗಳಿದ್ದವು, ಏಳರಲ್ಲಿಯೂ ತಂದೆಯ ಹೆಸರು. ಅವಳು ಸಾಲಿನಲ್ಲಿ ಮುಂದೆ ಹೋದಳು. ಅವರು ನಿಂತಲ್ಲೇ ನಿಂತರು.

ಒಂದು ತಿಂಗಳು ಕಳೆದ ಮೇಲೆ ಅವರಿಂದ ಫೋನು ಬಂತು. ಹೊಸ ಸಂಸತ್ತು, ಹೊಸ ಮಸೂದೆ, ಹರಿಣಿಗೆ ಅನ್ವಯಿಸುವಂಥದಲ್ಲ; ಆದರೆ ಅದೇ ಸರದಿಯಲ್ಲಿರುವ, ಅಲ್ಫರೆಟಾ ಊರಿನ ಅವರ ಗೆಳೆಯ ಕಲ್ಮೇಶರ ಮಗಳಿಗೆ ಈಗ ಹದಿನೈದು. "ನೀವು ಬರ್ತೀರೇನ್ರಿ ಸರ, ವಾಷಿಂಗ್ಟನ್ನಿಗೆ? ಎರಡೂ ಮನಿ ಒಂದ ಪಕ್ಷದ್ದ ಆಗ್ಯಾವು, ಆದ್ರೂ ಅರವತ್ತಿಲ್ಲ." ಮುಂದಿನ ಮಾತು ಅವರ ಆ ಪಲ್ಲವಿಯೇ ಎಂದು ನನಗೆ ಗೊತ್ತಿತ್ತು, ಅದಕ್ಕೇ ಕಾದೆ. ಅವರು ಅದನ್ನು ಹೇಳಲಿಲ್ಲ. ನಾನೇ ಹೇಳಬೇಕಾಯಿತು.

ಇಂಥವರು ಪ್ರತಿಯೊಂದು ಗಣರಾಜ್ಯದ ಹೊರಜಗುಲಿಯಲ್ಲೂ ಇರುತ್ತಾರೆ. ಒಳಗೆ ಕುಳಿತವರಿಗೆ ಶಾಸನವೆಂಬುದು ಗೆಲ್ಲುವ ಸೋಲುವ ಆಟ; ಒಳಗೆ ಕರೆಯದ ಇವರಿಗೆ ಮಾತ್ರ ಅದು ನಂಬುವ ವಸ್ತು. ಆ ನಂಬಿಕೆಗೆ ಅವರು ಕೊಟ್ಟದ್ದನ್ನು ಯಾವ ಸಭೆಯ ನಡಾವಳಿಯೂ ದಾಖಲಿಸುವುದಿಲ್ಲ. ತಮ್ಮ ಮನೆಯ ಎಣಿಕೆ ತಪ್ಪಿದ ಮೇಲೂ ಅವರು ಬೇರೆಯವರ ಮನೆಗಾಗಿ ಕಿರುಬೆರಳಿನಿಂದ ಮತ್ತೆ ಶುರುಮಾಡುತ್ತಾರೆ, ಈ ಸಲ ಕೋಟು ಇಲ್ಲದೆ.