ಕೆಂಪು ಶಾಯಿಯ ಸೂಚನೆ

ಹೇಸಿಗಿ ಬರ್ತೈತ್ರಿ, ಖರೇ ಹೇಳ್ತೇನಿ. ಕರಬಸಪ್ಪ ಮಾಸ್ತರು ಮುಟ್ಟಿದ ಪುಸ್ತಕ ಕೈಯಾಗ ಹಿಡಿಯಾಕ ನನಗ ಹೇಸಿಗಿ ಬರ್ತೈತಿ. ಬಾಯಾಗ ಎಲಿ ಅಡಿಕಿ ಇರತೈತಿ, ಬೆರಳು ನಾಲಿಗಿಗೆ ಒತ್ತಿ ಒಂದೊಂದ ಹಾಳಿ ತಿರುವತಾರ. ಮೂಲಿ ಮೂಲಿಗೆ ಕೆಂಪು ಕಲಿ. ಒದ್ದಿ ಅರಬಿ ತಗೊಂಡು ಒರಸಿ ಒರಸಿ ನನ್ನ ಕೈ ಬಿದ್ದು ಹೋಗ್ಯಾವ. ಅದನ್ನ ಹೆಂಗರ ಸೈರಿಸ್ಕೋಬಹುದಿತ್ತು. ಒರಸಿದ್ರ ಹೋಗಲಾರದ್ದು ಇನ್ನೊಂದಿತ್ತು, ಅದನ್ನ ಹೇಳ್ತೇನಿ.

ನಾ ಸುಧಾರಾಣಿ, ಪಂಚಾಯತಿ ಗ್ರಂಥಾಲಯ ನೋಡ್ಕೊಳ್ಳಾಕಿ. ಹನ್ನೊಂದು ವರ್ಷ ಆತು. ನಮ್ಮದು ಶಿಗ್ಗಾಂವಿಯಿಂದ ದುಂಡಸಿಗೆ ಹೋಗೋ ದಾರ್ಯಾಗಿನ ಸಣ್ಣ ಊರು. ಎರಡು ಖೋಲಿ. ಹೊರಗಿನ ಖೋಲ್ಯಾಗ ಹಿರಿಯರು ಪೇಪರ್ ಓದಿ ಜಗಳಾ ಆಡ್ತಾರ. ಒಳಗಿನ ಖೋಲ್ಯಾಗ ಒಂದು ಕಪಾಟು, ಹೈಸ್ಕೂಲ್ ಹುಡುಗ್ರದ್ದು. ಅದನ್ನ ತುಂಬಿಸಾಕ ನಾ ತಾಲೂಕಿಗೆ ಎಷ್ಟ ಸಲ ಅಡ್ಡಾಡೇನಿ ಅನ್ನೂದು ನನಗ ಗೊತ್ತು. ಎಲ್ಲಾ ಪತ್ತೇದಾರಿ, ಮಾಯಾಲೋಕ, ಮೈ ಝುಂ ಅನ್ನೋ ಕಾದಂಬರಿ.

ಹದಿನಾಲ್ಕು ಹದಿನೈದರ ಹುಡುಗ್ರಿಗೆ ಪುಸ್ತಕ ಹೇಳೂದಂದ್ರ ಹುಡುಗಾಟ ಅಲ್ರಿ. ನೀತಿ ಕಥಿ ಕೊಟ್ರ ಆಕಳಿಸ್ತಾವ. ದೊಡ್ಡವರ ಸಂಸಾರದ ಕಥಿ ಕೊಟ್ರ ಮೂರನೇ ಹಾಳಿಗೆ ಎದ್ದು ಹೋಗ್ತಾವ. ಅವಕ್ಕ ಎದಿ ಡವಡವ ಅನ್ನಬೇಕು. ನಾ ಏನ್ ಮಾಡ್ತಿದ್ನಿ ಅಂದ್ರ, ಪುಸ್ತಕ ಕೈಯಾಗ ಹಿಡ್ಕೊಂಡು ಕಥಿ ಸುರು ಮಾಡ್ತಿದ್ನಿ. “ರೈಲಿಗೆ ಇರೂದು ಆರು ಬೋಗಿ. ಸುರಂಗದಾಗಿಂದ ಹೊರಗ ಬಂದಮ್ಯಾಲ ಒಬ್ಬಾಕಿ ಹುಡುಗಿ ಎಣಿಸಿ ನೋಡ್ತಾಳ, ಏಳು ಅದಾವ. ಏಳನೇದರ ಬಾಗಲಾ ತಗದ್ಲು...” ಅಂತ ಅಂದು ಬಾಯಿ ಮುಚ್ಚಿ ರಜಿಸ್ಟರ್ ಬರಿಯಾಕ ಕುಂದ್ರತಿದ್ನಿ.

“ಆಮ್ಯಾಲೇನಾತ್ರಿ ಅಕ್ಕಾರ?”

“ನನಗೇನ್ ಗೊತ್ತು? ಓದಿ ನೀನ ಹೇಳು.”

ವಾರಕ್ಕ ಮೂವತ್ತು ಪುಸ್ತಕ ಹೊರಗ ಹೋಗ್ತಿದ್ವು. ಅದರಾಗ ಅರ್ಧ ಫರ್ಹತಳ ಪುಣ್ಯ. ಟೇಲರ್ ಬಾಬಾಜಾನನ ಮಗಳು, ಒಂಬತ್ತನೇತ್ತಾ. ಓದಾಕ ಕುಂತ್ಲಂದ್ರ ಅವರವ್ವ ಬಂದು ಜಡಿ ಹಿಡಿದು ಎಬ್ಬಿಸಬೇಕು. ಆಕಿ ಒಂದು ಪುಸ್ತಕ ಒಯ್ದಳಂದ್ರ ಮರುದಿನ ಐದು ಹುಡುಗ್ರು ಅದನ್ನ ಕೇಳ್ಕೋತ ಬರ್ತಿದ್ವು.

ದೀಪಾವಳಿ ಹೊತ್ತಿಗೆ ಯಾಕೋ ಪುಸ್ತಕ ಒಯ್ಯಾವರು ಕಡಿಮಿ ಆಗ್ಕೋತ ಬಂದ್ರು, ಕಾರಣ ನನಗ ತಿಳೀಲಿಲ್ಲ. ಹಬ್ಬ ಆದಮ್ಯಾಲ ಒಂದಿನ ಫರ್ಹತ ಮುಂಜಾನೆ ಒಯ್ದ ಪುಸ್ತಕ ಸಂಜಿಕೆ ತಂದು ಟೇಬಲ್ ಮ್ಯಾಲ ಇಟ್ಲು.

“ಇಷ್ಟು ಲಗೂನ ಓದಿದ್ಯಾ?”

“ಓದೂದೇನೈತ್ರಿ ಅಕ್ಕಾರ? ಮೊದಲನೇ ಹಾಳ್ಯಾಗ ಎಲ್ಲಾ ಬರದಾರಲ್ರಿ.”

ತಗದು ನೋಡಿದ್ನಿ. ಕೆಂಪು ಶಾಯಿ, ದುಂಡನ್ನ ಅಕ್ಷರ. ‘ಸೂಚನೆ: ಏಳನೆಯ ಬೋಗಿ ಎಂಬುದು ಇಲ್ಲವೇ ಇಲ್ಲ. ಅದು ಗಾರ್ಡು ಕನ್ನಡಿಯಿಂದ ಮಾಡಿದ ಮೋಸ. ಅವನೇ ಕಳ್ಳ. ಹುಡುಗಿ ಸುಖವಾಗಿ ಮನೆ ಸೇರುತ್ತಾಳೆ. ಹೆದರಬೇಕಾಗಿಲ್ಲ.’ ಕೆಳಗ ಸಹಿ, ತಾರೀಖು.

ಅಯ್ಯ ಶಿವನ! ಕಪಾಟು ತಗದು ಒಂದೊಂದ ನೋಡಿದ್ನಿ. ನಲವತ್ತಾರು ಪುಸ್ತಕ, ನಲವತ್ತಾರಕ್ಕೂ ಸೂಚನೆ. ಕೊಲಿ ಮಾಡಿದಾವ ಯಾರು, ನಿಧಿ ಎಲ್ಲೈತಿ, ಮಾಯಾವಿ ಹೆಂಗ ಸಾಯ್ತಾನ, ಎಲ್ಲಾ ಬಾಗಲಾಗ ನಿಂತು ಒದರಿದಂಗ ಬರದಿಟ್ಟಿದ್ರು. ಮಾಸ್ತರು ಎರಡು ತಿಂಗಳ ಹಿಂದ ಗ್ರಂಥಾಲಯ ಕಮಿಟಿ ಅಧ್ಯಕ್ಷರಾಗಿದ್ರು. ಹಳೇವು ಇರ್ಲಿ, ಹೊಸಾವು ಇರ್ಲಿ, ಹುಡುಗ್ರ ಪುಸ್ತಕ ಮೊದಲ ತಾವು ಮನಿಗೊಯ್ದು ನೋಡಬೇಕು ಅಂತ ಅವರ ಕಾನೂನು. ನೋಡ್ತಾರ ಅಂತ ತಿಳಿದಿದ್ನಿ. ಬರೀತಾರ ಅಂತ ಯಾರಿಗೆ ಗೊತ್ತಿತ್ತು?

ಪುಸ್ತಕ ತಗೊಂಡು ಸೀದಾ ಅವರ ಮನಿಗೆ ಹೋದ್ನಿ. ಕಟ್ಟಿ ಮ್ಯಾಲ ಕುಂತಿದ್ರು.

“ಸರ್, ಇದೇನ್ರಿ ಇದು?”

“ಓದಿದ್ಯಾ?” ಅಂದ್ರು, ಮಾರಿ ಅರಳಿತು. “ನಲವತ್ತು ವರ್ಷ ಮಠದಾಗ ಪುರಾಣ ಹೇಳೇನಿ ನಾ. ಪ್ರತಿ ಸಂಧಿ ತಲಿ ಮ್ಯಾಲ ಒಂದು ಸೂಚನೆ ಪದ್ಯ ಇರತೈತಿ. ಮುಂದ ಏನೇನ್ ಆಗತೈತಿ ಅನ್ನೂದು ಅದರಾಗ ಬಂದು ಹೋಗತೈತಿ. ಮಂದಿ ನಿಶ್ಚಿಂತಿಯಿಂದ ಕುಂತು ಕೇಳ್ತಾರ. ಈಗಿನ ಬರಿಯಾವರಿಗೆ ಆ ಪದ್ಧತಿ ಗೊತ್ತಿಲ್ಲವ್ವಾ, ಸೂಚನೆ ಬಿಟ್ಟಾರ. ನಾ ತುಂಬೇನಿ.”

“ಇದು ಪುರಾಣ ಅಲ್ರಿ ಸರ್. ಕಡೀದು ಗೊತ್ತಿರಬಾರದು, ಅದ ಇದರ ರುಚಿ.”

“ಹುಡುಗ್ರು ಹೆದರತಾವವ್ವಾ.”

“ಹೆದರಾಕಂತನ ಓದ್ತಾವ್ರಿ!”

ಅವರು ಪೀಕದಾನಿಗೆ ಉಗುಳಿ ಬಾಯಿ ಒರಸ್ಕೊಂಡ್ರು. “ಎಲ್ಲಿ ಓದ್ತಾವ? ರಜಿಸ್ಟರ್ ನಾನೂ ನೋಡೇನಿ. ಹೋದ ತಿಂಗಳು ನಾಕ ಪುಸ್ತಕ. ಮುಂದಿನ ಶನಿವಾರ ಮೀಟಿಂಗ್ ಐತಿ. ಕಾದಂಬರಿ ರದ್ದಿಗೆ ಹಾಕಿ ಆ ಕಪಾಟಿನಾಗ ಪೊಲೀಸ್ ಭರ್ತಿ ಗೈಡು ಇಡೂದು ಅಂತ ಮೆಂಬರ್ ಬಸವೇಶ ಅಂದಾನ. ನಾನೂ ಹೂಂ ಅಂದೇನಿ.”

ಏನ್ ಹೇಳ್ಲಿ ಇದಕ್ಕ? ತಾವ ರುಚಿ ಕೆಡಿಸೂದು, ಯಾರೂ ಉಣ್ಣವಲ್ರು ಅಂತ ತಾವ ಪಾತ್ರಿ ಡಬ್ಬ ಹಾಕೂದು. ಅದೂ ಎಂಥ ಶಾಂತ ಮಾರಿ! ಕೆಟ್ಟ ಮನಷ್ಯಾ ಆಗಿದ್ರ ಬೈದು ಬರ್ತಿದ್ನಿ. ಒಳ್ಳೇದು ಮಾಡಾಕತ್ತೇನಿ ಅನ್ನಾವರಿಗೆ ಏನಂತ ಬೈಯೂದು? ಥೂ ಅನಕೋತ ಮನಿಗೆ ಬಂದ್ನಿ.

ಮರುದಿನ ಫರ್ಹತ ಬಂದ್ಲು. ಕಪಾಟು ರದ್ದಿಗೆ ಹೋಗೋ ಸುದ್ದಿ ಆಕಿಗೂ ಮುಟ್ಟಿತ್ತು. “ಅಕ್ಕಾರ, ಅದು ಹೋಗೂದರೊಳಗ ಒಂದ ಪುಸ್ತಕ ಕೊಡ್ರಿ. ಕಡೀದು ಯಾರೂ ಹೇಳಲಾರದ್ದು. ಒಂದ ಸಾಕು,” ಅಂದ್ಲು.

ಸೋಮವಾರ ಒಂದು ಹೊಸಾ ಪುಸ್ತಕ ಬಂತು. ‘ತಳ ಇಲ್ಲದ ಹಗೇವು’. ಮನಿ ಮುಂದ ನೆಲದಾಗ ಜ್ವಾಳ ತುಂಬಿಡೋ ಹಗೇವು ಇರತೈತಲ್ರಿ, ಅದರಾಗ ಒಬ್ಬ ಹುಡುಗ ಹಗ್ಗಾ ಹಿಡಿದು ಇಳೀತಾನ. ಎಷ್ಟು ಇಳಿದ್ರೂ ತಳ ಸಿಗಂಗಿಲ್ಲ. ಕಡೀಗೆ ಒಂದು ಊರು ಸಿಗತೈತಿ, ಅಲ್ಲಿ ಅವನ ಮನೀನ ಐತಿ, ಒಳಗ ಅವನಂಥಾವನ ಒಬ್ಬ ಕುಂತು ಉಣ್ಣಾಕತ್ತಾನ. ನಾನೂ ಒಂದ ಉಸಿರಿಗೆ ಓದಿದ್ನಿ. ಆದ್ರ ಪಾರ್ಸಲ್ ಬಂದದ್ದು ಮಾಸ್ತರ ಕಣ್ಣ ಮುಂದನ. “ನಾಳೆ ಕಳಿಸು, ನೋಡಿ ಕೊಡ್ತೇನಿ,” ಅಂದು ಹೋಗಿದ್ರು.

ಮರುದಿನ ಮಧ್ಯಾಹ್ನ ಖೋಲಿ ಬಾಗಲಾ ಹಾಕಿದ್ನಿ. ಡ್ರಾವರಿನಾಗಿನ ಬ್ಲೇಡ್ ತಗದ್ನಿ. ಕಡೀ ಹದಿನಾರು ಹಾಳಿ, ನೀಟಾಗಿ ಕೊಯ್ದು ಡ್ರಾವರಿನಾಗ ಇಟ್ಟು ಕೀಲಿ ಹಾಕಿದ್ನಿ. ಹಾಳಿ ಮಡಚಿದ ಹುಡುಗ್ರ ಕಿವಿ ಹಿಂಡಿದ ಕೈ ಅದು. ನನ್ನ ಕೈ ನನಗ ಹೊಲಸು ಅನಸ್ತು. ಆದ್ರೂ ಕೊಯ್ದ್ನಿ. ಕಡೀದ ಇಲ್ಲಂದ್ರ ಏನ್ ಬರೀತಾರ, ನೋಡೂಣು ಅಂತ ಸಂಜಿಕೆ ಮಾಸ್ತರ ಮನಿಗೆ ಕಳಿಸಿದ್ನಿ.

ಗುರುವಾರ ಬಾಗಲಾ ತಗಿಯೂದರೊಳಗ ಮಾಸ್ತರು ಬಂದು ಮೆಟ್ಟಲ ಮ್ಯಾಲ ಕುಂತಿದ್ರು. ಬಾಯಾಗ ಎಲಿ ಇರಲಿಲ್ಲ.

“ಸುಧಾರಾಣಿ, ಇದರ ಕಡೀ ಹಾಳಿ ಎಲ್ಲಿ?”

“ಪ್ರೆಸ್ಸಿನವರು ಬಿಟ್ಟಿರಬೇಕ್ರಿ.”

“ಹಗ್ಗಾ ಹರೀತು. ಹುಡುಗ ಕೆಳಗ ಅದಾನ. ಮ್ಯಾಲಿನ ಮಂದಿ ಹಗೇವಿನ ಬಾಯಿ ಮುಚ್ಚಾಕತ್ತಾರ. ಕೆಳಗ ಅವನಂಥಾವ ಒಬ್ಬ ಅದಾನಲ್ಲ, ಅವ ಏಣಿ ಹಚ್ಚಿ ಮ್ಯಾಲ ಹತ್ತಾಕತ್ತಾನ. ಮ್ಯಾಲ ಬಂದದ್ದು ಯಾವ ಹುಡುಗವ್ವಾ?”

“ನನಗೇನ್ ಗೊತ್ರಿ ಸರ್?”

“ಎರಡು ದಿನ ಆತು, ಊಟ ಸೇರವಲ್ದು,” ಅಂದ್ರು. ಅಯ್ಯೋ ಪಾಪ ಅನ್ನಲಿಲ್ಲ ನಾ. ಬೇಷಾತು ಅಂತ ಮನಸಿನಾಗ ಕುಣದ್ನಿ.

ಶನಿವಾರ ಮೀಟಿಂಗಿಗೆ ಎಂಟು ಮಂದಿ ಬಂದ್ರು. ಮಂಡಕ್ಕಿ, ಮಿರ್ಚಿ, ಚಾ ಬಂತು. ಅವರು ಬರೂದ ಅದಕ್ಕ. ಬಸವೇಶ ಬಾಯಿ ತುಂಬ ಮಿರ್ಚಿ ಇಟ್ಕೊಂಡ ಠರಾವು ಓದಿದ. “ಹುಡುಗ್ರಿಗೆ ದೆವ್ವದ ಕಥಿ ಓದಿ ಏನ್ ನೌಕರಿ ಸಿಗತೈತಿ? ಗೈಡು ತರಸೂದ ಬರೋಬ್ಬರಿ.” ಎಲ್ಲಾರೂ ಗೋಣು ಹಾಕಿದ್ರು. ಅದರಾಗ ಒಬ್ಬನೂ ಆ ಕಪಾಟು ತಗದು ನೋಡಿದಾವಲ್ಲ. ಎಣ್ಣಿ ಕೈಯಿಂದನ ಸಹಿ ಮಾಡಾಕ ಪೆನ್ನು ತಗದ್ರು.

“ತಡಿಯೋ,” ಅಂದ್ರು ಮಾಸ್ತರು. “ಮೊದಲ ಇದನ್ನ ಕೇಳ್ರಿ.”

ಎದ್ದು ನಿಂತು ಹಗೇವಿನ ಕಥಿ ಸುರು ಮಾಡಿದ್ರು. ನಲವತ್ತು ವರ್ಷ ಪುರಾಣ ಹೇಳಿದ ಗಂಟಲ್ರಿ ಅದು. ಹುಡುಗ ಇಳದ, ಇಳದ, ಇಳದ. ಹೊರಗ ಪೇಪರ್ ಓದಾವರೂ ಬಾಗಲಾಗ ಬಂದು ನಿಂತ್ರು. ಬಸವೇಶನ ಮಿರ್ಚಿ ಕೈಯಾಗ ಉಳೀತು. ಹಗ್ಗಾ ಹರದ ಜಾಗಾಕ್ಕ ಬಂದು ಮಾಸ್ತರು ನಿಂತಬಿಟ್ರು.

“ಮುಂದರೀ?” ಬಸವೇಶ ಕೇಳಿದ.

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರ ಹೆಂಗ್ರಿ? ಹುಡುಗ ಮ್ಯಾಲ ಬಂದನೋ ಇಲ್ಲೋ?”

“ನನಗೂ ಗೊತ್ತಿಲ್ಲೋ!” ಅಂದ್ರು ಮಾಸ್ತರು. ಆಮ್ಯಾಲ ನನ್ನ ಕಡೆ ನೋಡಿ ಅಂದ್ರು, “ಕಪಾಟು ಹಂಗ ಇರ್ಲಿ. ಕಡೀ ಹಾಳಿ ತರಸವ್ವಾ. ನಾ ಇನ್ನ ಸೂಚನೆ ಬರಿಯಂಗಿಲ್ಲ. ಇದರಾಗ ಏನೋ ಬ್ಯಾರೆ ಐತಿ.”

ಠರಾವು ಬಿತ್ತು. ಕಪಾಟು ಉಳೀತು. ನಾ ಗೆದ್ನಿ.

ಸೋಮವಾರ ಸಾಲಿ ಬಿಟ್ಟ ಕೂಡಲೇ ಫರ್ಹತ ಓಡ್ಕೋತ ಬಂದ್ಲು. ಪುಸ್ತಕ ಕೈಗೆ ಕೊಟ್ನಿ. ಮೊದಲನೇ ಹಾಳಿ ತಗದ್ಲು. ಒಂದ ಅಕ್ಷರ ಕೆಂಪಿಲ್ಲ. ಆ ಹುಡುಗಿ ಮಾರಿ ನೋಡಬೇಕಿತ್ತು ನೀವು. ನನಗೂ ಹುರುಪು ಬಂತು. ಡ್ರಾವರ್ ತಗದು ಹದಿನಾರು ಹಾಳಿ ಮುಂದಿಟ್ಟು, ಮಾಸ್ತರನ್ನ ಹೆಂಗ ಆಟ ಆಡಿಸಿದ್ನಿ ಅಂತ ನಕ್ಕೋತ ಎಲ್ಲಾ ಹೇಳಿದ್ನಿ.

ಆಕಿ ನಗಲಿಲ್ಲ. ಕೊಯ್ದ ಜಾಗಾದ ಮ್ಯಾಲ ಬೆರಳು ಆಡಿಸಿದ್ಲು.

“ಬ್ಲೇಡಿನಿಂದ್ರೀ?”

“ಮತ್ತೇನ್ ಮಾಡ್ಲೆ? ಕಪಾಟು ಉಳೀಬೇಕಲ್ಲ.”

“ಅವರು ಬರದ್ರು, ನೀವು ಹರದ್ರಿ,” ಅಂದ್ಲು. ದನಿ ಏರಸಲಿಲ್ಲ. ಆಕಿ ಮಾರ್ಯಾಗ ಹೇಸಿಗಿ ಇತ್ತು, ನನ್ನ ಮ್ಯಾಲ.

ಅಂಟು ತಗೊಂಡು ಹಾಳಿ ಜೋಡಸಾಕ ಕುಂತ್ನಿ. ಎಷ್ಟು ಮಾಡಿದ್ರೂ ಸೊಟ್ಟಾದ್ವು. ಆಕಿ ಎದುರಿಗೆ ನಿಂತು ಕಾದ್ಲು. ಕೈಗೆ ಕೊಟ್ಟ ಮ್ಯಾಲ ರಜಿಸ್ಟರಿನಾಗ ಸಹಿ ಮಾಡಲಿಲ್ಲ. ಬೆಂಚಿನ ಮ್ಯಾಲ ಕುಂತು ಹಾಳಿ ತಿರುವಿ ಎಣಸಾಕ ಸುರು ಮಾಡಿದ್ಲು. ಒಂದು, ಎರಡು, ಮೂರು. ನೂರಾ ಆರು ಹಾಳಿ ಎಣಿಸಿ ಮುಗಿಸಿ, ಎಲ್ಲಾ ಅದಾವ ಅಂತ ಖಾತ್ರಿ ಆದಮ್ಯಾಲ ಎದ್ದು ಬಂದು ಸಹಿ ಮಾಡಿದ್ಲು.

ಈಗ ವಾರಕ್ಕ ಎರಡು ಒಯ್ತಾಳ. ಪ್ರತಿ ಸಲಾನೂ ಎಣಿಸ್ತಾಳ, ನನ್ನ ಮುಂದನ. ಆಕಿ ಎಣಿಸಿ ಮುಗಿಸೂತನಕಾ ನಾ ತಲಿ ಎತ್ತಂಗಿಲ್ಲ.